ಬೇಜಾರು ಅಂದ್ರೆ ಬೋರ್ ಅಲ್ಲ

ಮೊನ್ನೆ ಒಂದು ಶನಿವಾರ ನಮ್ಮ ತರಬೇತಿ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಆಂಟೀ, ನಾನು ಮನೇಲಿ ಕನ್ನಡಾನೇ ಮಾತಾಡೋದು. ಅಮ್ಮನ ಜೊತೆ, ಅಜ್ಜಿ ಜೊತೆ, ಎಲ್ಲರ ಜೊತೆ. ಕನ್ನಡದಲ್ಲಿ ಥೆರಪಿ ಮಾಡೋಕೆ ಮತ್ತೆ ಬೇರೆ ಟ್ರೇನಿಂಗ್ ಯಾಕೆ?"

ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಇಂಗ್ಲಿಷಿನಲ್ಲಿ ಅವಳು ನನ್ನನ್ನು ಹೆಸರು ಹಿಡಿದೇ ಕರೆಯುವುದು. ಕನ್ನಡಕ್ಕೆ ಬಂದ ಕೂಡಲೇ ನಾನು ಆಂಟಿ ಆಗಿಬಿಟ್ಟಿದ್ದೆ :-)

ಅವಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು. ಇನ್ನರ್ಧ ಹೇಳಬೇಕು ಅಂದ್ರೆ ನಾನು 2011ಕ್ಕೆ ಹೋಗಬೇಕು. ಆ ಕತೆಯನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ಗುರುತು ಸಿಗದ ಹಾಗೆ ಊರು, ವಯಸ್ಸು, ಸಂಬಂಧಗಳನ್ನೆಲ್ಲ ಸ್ವಲ್ಪ ಬದಲಿಸಿದ್ದೇನೆ. ಆದ್ರೆ ನಾನು ಮಾಡಿದ ತಪ್ಪನ್ನು ಬದಲಿಸಿಲ್ಲ.

ನಾನು ಮಾಡುವ ಕೆಲಸ ಏನು ಅಂತ ಊರಲ್ಲಿ ಹೇಳೋದು ಇವತ್ತಿಗೂ ಕಷ್ಟ. "ಮನೆ ಜಗಳ ಬಿಡಿಸೋ ಕೆಲಸ" ಅಂತ ನಮ್ಮ ಚಿಕ್ಕಪ್ಪ ಎಲ್ಲರಿಗೂ ಹೇಳ್ತಾರೆ, ನಾನೂ ಒಪ್ಪಿಕೊಂಡುಬಿಟ್ಟಿದ್ದೇನೆ. ಒಬ್ಬರಿಗೆ ಕಷ್ಟ ಅಂದ್ರೆ ಆ ಒಬ್ಬರನ್ನೇ ನೋಡದೆ, ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ, ಅವರ ನಡುವೆ ಏನು ನಡೀತಿದೆ ಅಂತ ನೋಡುವುದು ಫ್ಯಾಮಿಲಿ ಥೆರಪಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಲೈಸೆನ್ಸ್ ಬೇಕು. ಅದಕ್ಕೆ ಮಾಸ್ಟರ್ಸ್ ಓದು, ಪರೀಕ್ಷೆಗಳು, ಜೊತೆಗೆ ಹಿರಿಯರೊಬ್ಬರ ಉಸ್ತುವಾರಿಯಲ್ಲಿ 3,000 ಗಂಟೆ ಕೆಲಸ. ಅದನ್ನು ಕನಿಷ್ಠ 104 ವಾರಗಳಲ್ಲಿ ಹರಡಿ ಮಾಡಬೇಕು. ಅದರಲ್ಲಿ 500 ಗಂಟೆಯಾದರೂ ದಂಪತಿಗಳು, ಕುಟುಂಬಗಳು, ಮಕ್ಕಳ ಜೊತೆ ಇರಬೇಕು. ಎಲ್ಲದಕ್ಕೂ ಲೆಕ್ಕ ಇದೆ, ಆದರೆ ಯಾವ ಭಾಷೆಯಲ್ಲಿ ಎಷ್ಟು ಗಂಟೆ ಅನ್ನುವುದಕ್ಕೆ ಮಾತ್ರ ಲೆಕ್ಕ ಇಲ್ಲ.

ನನ್ನ 3,000 ಗಂಟೆ ಮುಗಿಯುವ ಹೊತ್ತಿಗೆ ಆ ಕುಟುಂಬ ಬಂತು. ಮಗ ಸಾಫ್ಟ್‌ವೇರ್ ಇಂಜಿನಿಯರ್, ಹಾಸನದ ಕಡೆಯವನು. ಸೊಸೆ ಪುಣೆಯವಳು, ಮರಾಠಿ. ಗಂಡ ಹೆಂಡತಿ ಮಾತಾಡೋದು ಇಂಗ್ಲಿಷು, ಸಿಟ್ಟು ಬಂದ್ರೆ ಹಿಂದಿ. ಹತ್ತು ವರ್ಷದ ಮೊಮ್ಮಗನಿಗೆ ಇಂಗ್ಲಿಷ್ ಜೊತೆ ಅಷ್ಟಿಷ್ಟು ಕನ್ನಡ. ಮಾವ ತೀರಿಹೋದ ಮೇಲೆ ಅತ್ತೆಯನ್ನು ಇಲ್ಲಿಗೆ ಕರೆತಂದು ಒಂದು ವರ್ಷ ಆಗಿತ್ತು. ಆಕೆಗೆ ಕನ್ನಡ ಬಿಟ್ಟು ಬೇರೆ ಬರದು. ಊಟ ಬಿಡ್ತಾರೆ, ಸೊಸೆ ಜೊತೆ ಮಾತಿಲ್ಲ, ರಾತ್ರಿಯೆಲ್ಲ ಎದ್ದು ಕೂತಿರ್ತಾರೆ. ಅತ್ತೆ ಸೊಸೆ ನಡುವೆ ಏನಾದರೂ ಮಾತಾಗಬೇಕಾದರೆ ಮಧ್ಯೆ ನಿಂತು ತರ್ಜುಮೆ ಮಾಡುತ್ತಿದ್ದುದು ಆ ಹತ್ತು ವರ್ಷದ ಹುಡುಗ.

ನಮ್ಮ ಕ್ಲಿನಿಕ್ಕಿನಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೆ. ಫೈಲು ಸೀದಾ ನನ್ನ ಮೇಜಿಗೆ ಬಂತು. ಹೆಮ್ಮೆಯೂ ಆಯ್ತು ಅನ್ನಿ.

ಮೊದಲ ದಿನ ಅಮ್ಮ ಕುರ್ಚಿಯಲ್ಲಿ ಕೂತವರೇ ಕೇಳಿದ್ದು, "ಯಾವೂರಮ್ಮ ನಿಂದು? ಮದುವೆ ಆಗಿದೆಯಾ? ನಿಮ್ಮನೇವ್ರು ಏನ್ಮಾಡ್ತಾರೆ?" ನಾನು ಓದಿದ ಪುಸ್ತಕದಲ್ಲಿ, ಥೆರಪಿಸ್ಟ್ ತನ್ನ ಸ್ವಂತ ವಿಷಯ ಹೇಳಿಕೊಳ್ಳಬಾರದು, ಪ್ರಶ್ನೆಯನ್ನು ಮೆತ್ತಗೆ ಅವರ ಕಡೆಗೇ ತಿರುಗಿಸಬೇಕು ಅಂತಿತ್ತು. ಅದನ್ನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾಡುತ್ತಿದ್ದೆ. ಆದರೆ ತಾಯಿಯ ವಯಸ್ಸಿನ ಹೆಂಗಸು ಯಾವೂರು ಅಂತ ಕೇಳಿದಾಗ "ಅದು ನಿಮಗೆ ಯಾಕೆ ಮುಖ್ಯ ಅನ್ನಿಸುತ್ತೆ?" ಅಂತ ಕನ್ನಡದಲ್ಲಿ ಕೇಳೋಕೆ ಆಗುತ್ತಾ? ಅಹಂಕಾರದ ಹೆಣ್ಣು ಅಂದುಕೊಳ್ಳುವುದಿಲ್ಲವಾ? ಎಲ್ಲಾ ಹೇಳಿದೆ. ಹತ್ತು ನಿಮಿಷದಲ್ಲಿ ನಾನು ಅವರಿಗೆ ಮಗಳಾಗಿದ್ದೆ. ಅವರು ನನಗೆ "ಅಮ್ಮಾ" ಆಗಿದ್ದರು. ಸೊಸೆ ಪಾಪ ಮೂಲೆಯಲ್ಲಿ ಕೂತು ನಮ್ಮಿಬ್ಬರ ಬಾಯಿ ನೋಡ್ತಾ ಇದ್ದಳು.

ಆಮೇಲೆ ಶುರುವಾಯ್ತು ನೋಡಿ ನನ್ನ ಪಜೀತಿ. ಅಮ್ಮ ಕನ್ನಡದಲ್ಲಿ ಹೇಳಿದ್ದನ್ನು ಸೊಸೆಗೆ ಇಂಗ್ಲಿಷಿನಲ್ಲಿ ಹೇಳಬೇಕು, ಸೊಸೆಯದನ್ನು ಅಮ್ಮನಿಗೆ ಕನ್ನಡದಲ್ಲಿ. ಮಗ ನಡುನಡುವೆ ತಿದ್ದುತ್ತಾನೆ. ಒಂದು ಗಂಟೆ ಮುಗಿಯುವ ಹೊತ್ತಿಗೆ ನಾನು ಥೆರಪಿಸ್ಟ್ ಆಗಿರಲಿಲ್ಲ. ಆ ಹತ್ತು ವರ್ಷದ ಹುಡುಗನ ಜಾಗದಲ್ಲಿ ನಾನು ಕೂತಿದ್ದೆ, ಅಷ್ಟೇ.

ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು. "ಬೇಜಾರು ಕಣಮ್ಮ." ಮಗ ಪ್ರತಿ ಸಲ ಇಂಗ್ಲಿಷಿನಲ್ಲಿ "ಬೋರ್ ಆಗುತ್ತೆ ಅವಳಿಗೆ, ಕನ್ನಡ ಚಾನೆಲ್ ಹಾಕಿಸಿದ್ದೀವಿ" ಅಂತಿದ್ದ. ನಾನೂ ನನ್ನ ನೋಟ್ಸಿನಲ್ಲಿ ಹಾಗೇ ಬರೆದೆ. ಬೋರ್.

ಬೇಜಾರು ಅನ್ನೋ ಪದ ಗೊತ್ತಲ್ಲ ನಿಮಗೆ? ಪಾರ್ಸಿಯಿಂದ ಬಂದದ್ದು, ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಅದೇ. ಕರೆಂಟ್ ಹೋದ್ರೆ ಬೇಜಾರು. ಯಾರೋ ಹೋಗಿಬಿಟ್ಟರು ಅಂತ ಸುದ್ದಿ ಬಂದ್ರೆ ಬೇಜಾರು. ಮದುವೆಗೆ ಕರೀಲಿಲ್ಲ ಅಂದ್ರೆ ಬೇಜಾರು. ಮಗನ ಮೇಲೆ ಸಿಟ್ಟು ಅನ್ನೋಕೆ ಬಾಯಿ ಬರದಿದ್ದಾಗಲೂ ಬೇಜಾರು. ಬದುಕೇ ಸಾಕು ಅನ್ನಿಸಿದಾಗಲೂ ಅದೇ ಬೇಜಾರು. ಖಿನ್ನತೆ ಅನ್ನುವುದು ಪೇಪರಿನ ಪದ, ಯಾವ ತಾಯಿಯೂ ಮಗನ ಮುಂದೆ "ನನಗೆ ಖಿನ್ನತೆಯಾಗಿದೆ ಕಣೋ" ಅನ್ನುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದೆ ಅನ್ನೋ ಧೈರ್ಯದಿಂದಲೇ "ಹಾಗಂದ್ರೆ ಹೇಗಮ್ಮಾ?" ಅಂತ ಕೇಳಲಿಲ್ಲ. ಸ್ಪ್ಯಾನಿಷ್ ಕುಟುಂಬವೋ ವಿಯೆಟ್ನಾಂ ಕುಟುಂಬವೋ ಆಗಿದ್ದರೆ ಖಂಡಿತ ಕೇಳುತ್ತಿದ್ದೆ.

ವಾರಕ್ಕೊಮ್ಮೆ ನನ್ನ ಸೂಪರ್‌ವೈಸರ್ ಜೊತೆ ಒಂದು ಗಂಟೆ. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು, ಅಮೆರಿಕನ್. ಕನ್ನಡದ ರೆಕಾರ್ಡಿಂಗ್ ಅವರಿಗೆ ಅರ್ಥವಾಗುವ ಹಾಗಿಲ್ಲ, ನಾನು ಹೇಳಿದ್ದನ್ನೇ ನಂಬಬೇಕು. ಆ ವಾರ ಕುಟುಂಬದ ನಕ್ಷೆ, ಅಂದ್ರೆ ಜೀನೋಗ್ರಾಮ್, ಬರೆದುಕೊಂಡು ಹೋಗಿದ್ದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಗೆರೆ. ಆ ಅಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಯಾರ ಮನೆಯಲ್ಲಿಲ್ಲ ಹೇಳಿ? ಗೆರೆ ನೋಡಿ ಅವರು ಪೆನ್ನು ಕೆಳಗಿಟ್ಟರು. ಚಿಕ್ಕಂದಿನಲ್ಲಿ ಆಕೆಯ ಮೇಲೆ ದೌರ್ಜನ್ಯ ಆಗಿತ್ತಾ ಅಂತ ಕೇಳಿದರು. ಇಲ್ಲಿನ ಕಾನೂನಿನಲ್ಲಿ ಅದು ಅಪರಾಧ, ಅವರು ಕೇಳಿದ್ದು ತಪ್ಪೂ ಅಲ್ಲ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯ್ತು. ಸೋದರಮಾವ ಅಂದ್ರೇನು, ದಕ್ಷಿಣದಲ್ಲಿ ಈ ಮದುವೆಗಳು ಯಾಕೆ, 1955ರ ಹಿಂದೂ ವಿವಾಹ ಕಾಯ್ದೆ ರೂಢಿಯಿದ್ದ ಕಡೆ ಇದನ್ನು ಹೇಗೆ ಒಪ್ಪುತ್ತೆ... ನಲವತ್ತು ನಿಮಿಷ ಇದೇ ಆಯ್ತು. ನಮ್ಮವರ ಮಾನ ಕಾಪಾಡೋ ಕೆಲಸ. ಉಳಿದ ಇಪ್ಪತ್ತು ನಿಮಿಷದಲ್ಲಿ "ಆಕೆಗೆ ಇಲ್ಲಿ ಬೋರಂತೆ, ಸೀನಿಯರ್ ಸೆಂಟರಿಗೆ ಸೇರಿಸಬಹುದು" ಅಂತ ನಾನೇ ಹೇಳಿದೆ, ಅವರು ತಲೆಯಾಡಿಸಿದರು.

ಮೂರು ಸಲ ಬಂದರು. ನಾಲ್ಕನೇ ವಾರ ಮಗನ ಫೋನ್. "ಅಮ್ಮನ್ನ ಊರಿಗೆ ಕಳಿಸಿಬಿಟ್ವಿ ಮೇಡಂ, ಪ್ರಾಬ್ಲಮ್ ಸಾಲ್ವ್ ಆಯ್ತು, ಥ್ಯಾಂಕ್ಸ್."

ಫೈಲು ಮುಚ್ಚುವ ಮೊದಲು ರೆಕಾರ್ಡಿಂಗ್ ಅಳಿಸಬೇಕಿತ್ತು. ಯಾಕೋ ಒಂದು ಸಲ ಪೂರ್ತಿ ಕೇಳೋಣ ಅಂತ ಕೂತೆ. ಎರಡನೇ ವಾರದ್ದು, ಮುಕ್ಕಾಲು ಗಂಟೆ ಆದ ಮೇಲೆ, ಅಮ್ಮನ ದನಿ. "ಬದುಕೇ ಬೇಜಾರಾಗಿದೆ ಕಣಮ್ಮ. ಅವರು ಹೋದಾಗ್ಲೇ ನಾನೂ ಹೋಗ್ಬೇಕಿತ್ತು." ಮಗ, "ಅಮ್ಮಾ, ಹಾಗೆಲ್ಲ ಮಾತಾಡ್ಬೇಡ." ಆಮೇಲೆ ನನ್ನ ದನಿ. ಎಷ್ಟು ಅಕ್ಕರೆಯಿಂದ ಹೇಳ್ತಿದ್ದೀನಿ ಗೊತ್ತಾ?

"ಬಿಡ್ತು ಅನ್ನಿ ಅಮ್ಮಾ."

ಇದೇ ಮಾತನ್ನು ಯಾರಾದರೂ ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನು ಏನು ಕೇಳಬೇಕು ಅನ್ನುವುದು ನಿದ್ದೆಯಲ್ಲೂ ಬರುತ್ತಿತ್ತು. ಸಾಯಬೇಕು ಅನ್ನಿಸುತ್ತಾ? ಯಾವಾಗಿನಿಂದ? ಹೇಗೆ ಅಂತ ಯೋಚನೆ ಮಾಡಿದ್ದೀರಾ? ನೇರವಾಗಿ ಕೇಳಬೇಕು, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ, ಬಾಯಿಬಿಟ್ಟು ಹೇಳೋಕೆ ದಾರಿಯಾಗುತ್ತೆ ಅಂತ ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ನೂರು ಸಲ ಕೇಳಿದ್ದೆ. ಕನ್ನಡದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕನ್ನಡದಲ್ಲಿ ನಾನು ಕಲಿತದ್ದು ಮನೆಮಗಳಾಗಿರುವುದನ್ನು ಮಾತ್ರ. ಹಿರಿಯರ ಬಾಯಲ್ಲಿ ಅಪಶಕುನದ ಮಾತು ಬಂದ್ರೆ ಮನೆಮಗಳು ಬಿಡ್ತು ಅನ್ನಿ ಅಂತಾಳೆ.

ಮಗನಿಗೆ ಫೋನ್ ಮಾಡಿ ಹೇಳಿದೆ. ಊರಲ್ಲಿ ಅಮ್ಮ ಒಬ್ಬರೇ ಇರದ ಹಾಗೆ ನೋಡ್ಕೊಳ್ಳಿ, ಮನೋವೈದ್ಯರಿಗೆ ತೋರಿಸಿ ಅಂದೆ. "ಶೂರ್ ಮೇಡಂ" ಅಂದ. ಅಷ್ಟೇ. ಆಮೇಲೆ ಏನಾಯ್ತು ಅಂತ ನನಗೆ ಗೊತ್ತಿಲ್ಲ, ಇವತ್ತಿಗೂ.

ಆ ಮೇಲೆ ನಾನು ಹುಡುಕಿಕೊಂಡು ಓದೋಕೆ ಶುರು ಮಾಡಿದೆ. ನನ್ನ ಹಾಗೆ ಎಡವಿದವರು, ಎಡವದ ಹಾಗೆ ಕಲಿಸಿದವರು ಎಷ್ಟೋ ಜನ ಇದ್ದಾರೆ. ಸಾಲ್ವಡಾರ್ ಮಿನುಚಿನ್ (1921-2017) ಅರ್ಜೆಂಟೀನಾದಿಂದ ಬಂದವರು. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ ಜೇ ಹೇಲಿ, ಬ್ರೌಲಿಯೊ ಮೊಂಟಾಲ್ವೊ ಜೊತೆ ಸೇರಿ ಒಂದು ಕೆಲಸ ಮಾಡಿದರು. ಕಪ್ಪು ಜನರ, ಲ್ಯಾಟಿನೋ ಜನರ ಕೇರಿಗಳಿಂದಲೇ ಡಿಗ್ರಿ ಇಲ್ಲದವರನ್ನು ಆರಿಸಿಕೊಂಡು ಫ್ಯಾಮಿಲಿ ಥೆರಪಿ ಕಲಿಸಿದರು. ಭಾಷೆ, ಬದುಕು ಅವರಿಗೆ ಗೊತ್ತೇ ಇತ್ತು. ಆದರೂ ಒಂದು ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಕೂತು, ಸೆಷನ್ ನಡೆಯುತ್ತಿದ್ದಾಗಲೇ ತಿದ್ದಿ ತಿದ್ದಿ ಕಲಿಸಿದರು. ನಮ್ಮವರೇ ಅಲ್ವಾ, ತಾನಾಗೇ ಬರುತ್ತೆ ಅಂತ ಬಿಡಲಿಲ್ಲ. ಮಿನುಚಿನ್‌ರ ಇನ್ನೊಂದು ಪಾಠ, ಜಗಳವನ್ನು ನಿನಗೆ ವರದಿ ಮಾಡೋಕೆ ಬಿಡಬೇಡ, ನಿನ್ನ ಎದುರಿಗೇ ಅವರವರೇ ಮಾತಾಡಲಿ ಅನ್ನುವುದು. ನಾನು ತರ್ಜುಮೆ ಮಾಡೋ ಬದಲು "ಅಮ್ಮನ ಕಡೆ ತಿರುಗಿ, ಬೇಜಾರು ಅಂದ್ರೇನು ಅಂತ ನೀವೇ ಕನ್ನಡದಲ್ಲಿ ಕೇಳಿ" ಅಂತ ಮಗನಿಗೆ ಹೇಳಬೇಕಿತ್ತು.

ಸ್ಯಾನ್ ಡಿಯಾಗೋದ ಸಿಲಿಯಾ ಫಾಲಿಕೋವ್ ಅವರೂ ಅರ್ಜೆಂಟೀನಾ ಮೂಲದವರೇ. 1995ರಲ್ಲಿ ಅವರು ಬರೆದ ಒಂದು ಲೇಖನ ಇಂಥ ತರಬೇತಿಯ ಬಗ್ಗೆಯೇ ಇದೆ. ಮೆಕ್ಸಿಕನ್ನರು ಹೀಗೆ, ಏಷ್ಯನ್ನರು ಹಾಗೆ ಅಂತ ಅಡುಗೆ ಪುಸ್ತಕದ ಥರ ಕಲಿಸಬೇಡಿ ಅನ್ನುವುದು ಅದರ ಸಾರ. ವಲಸೆ, ಸುತ್ತಲಿನ ಪರಿಸರ, ಮನೆಯೊಳಗಿನ ವ್ಯವಸ್ಥೆ, ಬದುಕಿನ ಹಂತಗಳು, ಈ ನಾಲ್ಕರಲ್ಲಿ ಕುಟುಂಬದ ನಕ್ಷೆ ಬರೆಯಿರಿ, ಪಕ್ಕದಲ್ಲಿ ನಿಮ್ಮದೂ ಬರೆದು ಹೋಲಿಸಿ ಅಂತಾರೆ. ನಾನು ನನ್ನದನ್ನು ಬರೆದಿರಲೇ ಇಲ್ಲ. ಬರೆದಿದ್ದರೆ ಅಲ್ಲೊಬ್ಬ ತಾಯಿ, ಮೈಸೂರಿನಲ್ಲಿ, ಒಂಟಿಯಾಗಿ, ಫೋನಿನಲ್ಲಿ "ಏನೋ ಬೇಜಾರು ಕಣೇ" ಅನ್ನುತ್ತಿದ್ದದ್ದು ಕಾಣುತ್ತಿತ್ತು. ನಾನು ಯಾವ ಪ್ರಶ್ನೆಗೆ ಹೆದರಿದ್ದೆ ಅಂತ ಆಗ ತಿಳಿಯಿತು.

ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಅವರ್ ಲೇಡಿ ಆಫ್ ದ ಲೇಕ್ ವಿಶ್ವವಿದ್ಯಾಲಯದವರು ಸ್ಪ್ಯಾನಿಷ್ ಮಾತಾಡುವವರಿಗೆ ಸೇವೆ ಕೊಡಲೆಂದೇ ವಿದ್ಯಾರ್ಥಿಗಳನ್ನು ತಯಾರು ಮಾಡ್ತಾರೆ. ಮನೆಯಲ್ಲಿ ಸ್ಪ್ಯಾನಿಷ್ ಕೇಳಿಕೊಂಡೇ ಬೆಳೆದವರಿಗೂ ಪಾಠ ಇದೆ. 2016ರ ಫೆಡರಲ್ ನಿಯಮದಲ್ಲಿ, ಸರ್ಕಾರದ ಹಣ ಪಡೆಯುವ ಆರೋಗ್ಯ ಸೇವೆಗಳಲ್ಲಿ ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದು ಅಂತಲೂ ಬಂತು. ಓದಿದಾಗ ಆ ಹುಡುಗನ ಮುಖ ನೆನಪಾಯ್ತು.

ಕನ್ನಡಕ್ಕೆ ಅಂಥ ಕೋರ್ಸ್ ಎಲ್ಲಿಂದ ತರೋದು? ಅದಕ್ಕೇ ಈ ಶನಿವಾರದ ಕ್ಲಾಸು. ಐದು ಜನ. ಇಬ್ಬರು ಸ್ಪ್ಯಾನಿಷ್, ಒಬ್ಬಳು ಪಂಜಾಬಿ, ಒಬ್ಬ ಚೀನೀ ಹುಡುಗ, ಮತ್ತೆ ನಮ್ಮ ಈ ಹುಡುಗಿ. ನಿಯಮ ಎರಡೇ. ಗೊತ್ತಿರುವ ಪದದ ಅರ್ಥವನ್ನೂ ಕೇಳಬೇಕು. ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆಯನ್ನು ಮನೆಮಾತಿನಲ್ಲಿ ಜೋರಾಗಿ ಕೇಳಿ ಅಭ್ಯಾಸ ಮಾಡಬೇಕು, ಬಾಯಿ ಹಿಡಿದುಕೊಳ್ಳುವುದು ನಿಲ್ಲುವವರೆಗೆ.

ಹುಡುಗಿಯ ಪ್ರಶ್ನೆಗೆ ನಾನು ಬಾಯಲ್ಲಿ ಉತ್ತರ ಕೊಡಲಿಲ್ಲ. "ಬಾ, ಕೂತ್ಕೋ. ನಾನು ನಿನ್ನ ಕ್ಲೈಂಟು, ಹಾಸನದ ಅಜ್ಜಿ" ಅಂದೆ. ಸೆರಗು ಹೊದ್ದ ಹಾಗೆ ಶಾಲು ಹೊದ್ದುಕೊಂಡು, "ಬದುಕೇ ಬೇಜಾರಾಗಿದೆ ಕಣಮ್ಮ" ಅಂದೆ.

ಮೊದಲ ಸಲ ಅವಳಿಗೆ ನಗು ಬಂತು. ಎರಡನೇ ಸಲ ಸರಾಗವಾಗಿ ಇಂಗ್ಲಿಷಿಗೆ ಹೊರಳಿದಳು. ನಿಲ್ಲಿಸಿದೆ. ಕನ್ನಡ ಬಾರದ ಉಳಿದ ನಾಲ್ವರು ಹೇಳಿದರು, ಕನ್ನಡ ಮಾತಾಡುವಾಗ ನಿನ್ನ ದನಿ ಚಿಕ್ಕದಾಗುತ್ತೆ, ತಲೆ ಬಗ್ಗುತ್ತೆ ಅಂತ. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಮೂರನೇ ಸಲ ತುಂಬ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ "ಊಟ ಸೇರುತ್ತಾ ಅಮ್ಮಾ? ನಿದ್ದೆ?" ಅಂದಳು. ಸೇರಲ್ಲ ಅಂದೆ. "ಬೇಜಾರು ಅಂದ್ರಿ, ಅದು ಹೇಗಿರುತ್ತೆ ನಿಮಗೆ?" ಹೇಳಿದೆ. "ಈ ಜೀವ ಬೇಡ, ಸತ್ತುಹೋಗೋಣ ಅಂತ ಅನ್ನಿಸಿದ್ದುಂಟಾ ಅಮ್ಮಾ?"

ನಾನು ಅಜ್ಜಿಯ ಹಾಗೇ ಗದರಿದೆ, "ಬಿಡ್ತು ಅನ್ನು! ಅಂಥಾ ಮಾತು ಆಡ್ತಾರಾ?"

ಕೈ ನಡುಗ್ತಿತ್ತು ಅವಳದ್ದು. ಆದರೆ ಕಣ್ಣು ಕೆಳಗಿಳಿಸಲಿಲ್ಲ.

"ಆಯ್ತಮ್ಮಾ, ಬಿಡ್ತು. ಆದ್ರೂ ಹೇಳಿ, ಅನ್ನಿಸಿದ್ದುಂಟಾ?"

ಪಾತ್ರ ಮರೆತು ನಾನು ಸುಮ್ಮನಾಗಿಬಿಟ್ಟೆ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಕಾಫಿ ಹೊತ್ತು. ಹೇಗಿದ್ದೀಯಮ್ಮಾ ಅಂದ್ರೆ ಎಂದಿನ ಹಾಗೆ "ಏನೋ ಹಿಂಗೇ, ಬೇಜಾರು ಕಣೇ" ಅಂದಳು.

"ಬೇಜಾರು ಅಂದ್ರೆ ಹೇಗಮ್ಮಾ?" ಅಂತ ಕೇಳಿದೆ. ಅವತ್ತು ಒಂದೂವರೆ ಗಂಟೆ ಮಾತಾಡಿದ್ವಿ.