ಭಾನುವಾರದ ಗೈರುಹಾಜರಿ

ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಮಗನ ಟ್ಯೂಷನ್ನಿನವರಿಂದ ಫೋನು ಬಂತು. 'ಹುಡುಗನಿಗೆ ಮೈ ಸರಿಯಿಲ್ವಾ ಸಾರ್? ನಾಲ್ಕು ಭಾನುವಾರದಿಂದ ಬಂದಿಲ್ಲ' ಎಂದರು. ಬಿಚ್ಚಿದ ಡಬ್ಬಿಯನ್ನು ಹಾಗೇ ಮುಚ್ಚಿದೆ. ಆ ನಾಲ್ಕು ಭಾನುವಾರವೂ ಅವನು ಕತ್ತಲಿರುವಾಗಲೇ ಎದ್ದು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಚೀಲಕ್ಕೆ ಹಾಕಿಕೊಂಡು ಹೊರಟದ್ದನ್ನು ಈ ಕಣ್ಣಿಂದಲೇ ನೋಡಿದ್ದೆ. ಪಿಯುಸಿ ಎರಡನೇ ವರ್ಷಕ್ಕೆ ಬಂದ ಮೇಲೆ ಎಷ್ಟು ಜವಾಬ್ದಾರಿ ಬಂದಿದೆ ನೋಡಿ ಎಂದು ಪಕ್ಕದ ಮನೆಯವರ ಮುಂದೆ ಕೊಚ್ಚಿಕೊಂಡೂ ಇದ್ದೆ.

ಸಂಜೆ ವಿಚಾರಣೆ ನಡೆಯಿತು. ಸಿಗರೇಟು, ಸಿನಿಮಾ, ಹುಡುಗಿ, ಹೀಗೆ ತಂದೆಯಾದವನು ಊಹಿಸಬಹುದಾದ ಎಲ್ಲ ಉತ್ತರಗಳಿಗೂ ನಾನು ಸಿದ್ಧನಾಗಿದ್ದೆ. ಅವನು, 'ಬೆಟ್ಟಕ್ಕೆ ಹೋಗ್ತಿದ್ದೆ' ಎಂದ. ಒಂದು ವಾರ ಸಾವನದುರ್ಗ, ಒಂದು ವಾರ ಮಾಕಳಿದುರ್ಗ, ಎರಡು ವಾರ ಶಿವಗಂಗೆ. ಜೊತೆಗೆ ಒಬ್ಬ ಗೆಳೆಯ. ಬೆಟ್ಟ ಹತ್ತಿದ್ದಕ್ಕೆ ಬೈಯುವುದು ಹೇಗೆಂದು ತಕ್ಷಣ ಹೊಳೆಯಲಿಲ್ಲ. ಆದರೂ ಬೈದೆ. ಕಟ್ಟಿದ ಫೀಜಿನಿಂದ ಶುರುವಾಗಿ, 'ನಿನ್ನ ಕೈಲಿ ಯಾವುದೂ ನೆಟ್ಟಗೆ ಆಗೋದಿಲ್ಲ' ಎನ್ನುವಲ್ಲಿಗೆ ಮಾತು ಮುಟ್ಟಿತು. ಅವನು ಆ ರಾತ್ರಿ ಊಟ ಮಾಡಲಿಲ್ಲ. ನನಗೂ ನಿದ್ದೆ ಬರಲಿಲ್ಲ. ಎಲ್ಲೋ ಬಂಡೆಯಿಂದ ಜಾರಿ ಬಿದ್ದಿದ್ದರೆ, ನಾವಿಲ್ಲಿ ಅವನು ಕೆಮಿಸ್ಟ್ರಿ ಓದುತ್ತಿದ್ದಾನೆಂದು ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆವಲ್ಲ ಎಂಬ ಯೋಚನೆ ಬಿಡಲೇ ಇಲ್ಲ.

ಮೂರು ದಿನ ನಮ್ಮಿಬ್ಬರ ಮಾತುಕತೆಯೆಲ್ಲ ನನ್ನಾಕೆಯ ಮೂಲಕವೇ ನಡೆಯಿತು. ನಾಲ್ಕನೆಯ ದಿನ ಅವಳಿಗೂ ಸಾಕಾಗಿರಬೇಕು. 'ಒಂದ್ಸಲ ನೀವೂ ಹೋಗಿ ನೋಡ್ಕೊಂಡು ಬನ್ನಿ. ಬೈಯೋದಿದ್ರೆ ಆಮೇಲೆ ಬೈಯಿರಿ' ಎಂದಳು.

ಹಾಗೆ ಆ ಭಾನುವಾರ ಬೆಳಿಗ್ಗೆ ಆರಕ್ಕೆ ಅಪ್ಪ, ಮಗ ಮೆಜೆಸ್ಟಿಕ್‌ನಲ್ಲಿ ತುಮಕೂರಿನ ಬಸ್ಸು ಹತ್ತಿದೆವು. ಶಿವಗಂಗೆ ಬೆಂಗಳೂರಿಗೆ 50 ಚಿಲ್ಲರೆ ಕಿಲೋಮೀಟರ್ ಅಷ್ಟೆ. ಡಾಬಸ್‌ಪೇಟೆಯಲ್ಲಿ ಇಳಿದು ಅಲ್ಲಿಂದ ಬೇರೆ ಬಸ್ಸೋ ಆಟೋವೋ ಹಿಡಿಯಬೇಕು. (ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಈ ಊರಿಗೆ ಅಂಟಿಕೊಂಡಿದೆ.) ಬಸ್ಸಿನಲ್ಲಿ ಮೌನ ಮುರಿಯಲೆಂದು ನನಗೆ ಗೊತ್ತಿದ್ದ ಶಾಂತಲೆಯ ಕಥೆ ತೆಗೆದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಾಣಿ ಈ ಬೆಟ್ಟದಿಂದಲೇ ಹಾರಿಕೊಂಡಳೆಂದು ಜನ ಹೇಳುತ್ತಾರೆ. ಶ್ರವಣಬೆಳಗೊಳದ ಶಾಸನದಲ್ಲಿರುವುದು ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಮಾತ್ರ. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಗರಡಿಮನೆ ನಡೆಸುತ್ತಿದ್ದ ದೊಡ್ಡ ವ್ಯಾಯಾಮಪಟು ಎಂದೂ ಉತ್ಸಾಹದಿಂದ ಹೇಳಿದೆ. 'ಅಂದ್ರೆ ಎರಡೂ ಮಾಡ್ಬಹುದು' ಎಂದು ಮಗ ಕಿಟಕಿಯ ಕಡೆ ತಿರುಗಿದ. ನನ್ನ ವಕೀಲಿ ನನಗೇ ತಿರುಗುಬಾಣವಾಗಿತ್ತು.

ಬುಡದಲ್ಲಿ ಅವನು ನನ್ನ ಕಾಲು ನೋಡಿ ತಲೆ ಚಚ್ಚಿಕೊಂಡ. ರಬ್ಬರ್ ಅಟ್ಟೆಯ ಷೂ ಹಾಕಿಕೊಳ್ಳಿ ಎಂದು ಹಿಂದಿನ ರಾತ್ರಿಯೇ ಅಮ್ಮನ ಮೂಲಕ ಹೇಳಿಕಳಿಸಿದ್ದನಂತೆ. ನಾನು ಆಫೀಸಿನ ಬೂಟಿನಲ್ಲೇ ಬಂದಿದ್ದೆ. ಅವನ ಚೀಲದಲ್ಲಿ ತಲೆಗೆ ಎರಡು ಲೀಟರ್ ನೀರು, ಗ್ಲೂಕೋಸು, ಕಡಲೆಕಾಯಿ ಚಿಕ್ಕಿ, ಟವೆಲ್ಲು, ಟಾರ್ಚು ಇದ್ದವು. ನನ್ನ ಕೈಯಲ್ಲಿ ಪುಳಿಯೋಗರೆಯ ಪ್ಲಾಸ್ಟಿಕ್ ಕವರು. 'ಕವರ್ ಚೀಲದೊಳಗೆ ಹಾಕಿ, ಕೋತಿಗಳಿವೆ' ಎಂದ. ಇರಲಿ ಬಿಡು ಎಂದೆ. ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ಪುಳಿಯೋಗರೆ ಒಂದು ಗಡವ ಕೋತಿಯ ಪಾಲಾಯಿತು. ಮಗ ನಗಲಿಲ್ಲ. ಅವನ ಆ ಸಂಯಮ ನನಗೆ ನಗುವಿಗಿಂತ ಹೆಚ್ಚು ಚುಚ್ಚಿತು.

ಗವಿಯೊಳಗಿನ ಗಂಗಾಧರೇಶ್ವರನಿಗೆ ಕೈಮುಗಿದೆವು. ಇಲ್ಲಿ ಅಭಿಷೇಕಕ್ಕೆ ಕೊಟ್ಟ ತುಪ್ಪ ಬೆಣ್ಣೆಯಾಗುತ್ತದೆಂದು ಪ್ರತೀತಿ. ಮೇಲೆ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒರಳಿನಂಥ ಕುಳಿ, ಪುಣ್ಯವಂತರು ಕೈಯಿಟ್ಟರೆ ನೀರು ಸಿಗುತ್ತದೆನ್ನುತ್ತಾರೆ. ನನಗೆ ಸಿಗಲಿಲ್ಲ. ಮಗ ಬೋರಲು ಮಲಗಿ ಭುಜದವರೆಗೂ ತೋಳಿಳಿಸಿ, 'ಸಿಕ್ತು!' ಎಂದ. ಪುಣ್ಯಕ್ಕಿಂತ ಕೈಯ ಉದ್ದವೇ ಮುಖ್ಯವಿರಬೇಕೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಅಲ್ಲಿಂದ ಮುಂದೆ ಅವನಿಗೆ ಮಾತು ಬಂತು. ದಾರಿಯಲ್ಲಿ ನಿಂತು, ಕುಮುದ್ವತಿ ನದಿ ಹುಟ್ಟುವುದು ಈ ಬೆಟ್ಟದಲ್ಲೇ, ಅದು ತಿಪ್ಪಗೊಂಡನಹಳ್ಳಿಯ ಹತ್ತಿರ ಅರ್ಕಾವತಿಯನ್ನು ಸೇರುತ್ತದೆ ಎಂದ. ಆ ಸಂಗಮದಲ್ಲೇ 1933ರಲ್ಲಿ ಜಲಾಶಯ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟದ್ದು. ನಾನು ಬೆಳೆದದ್ದು ಮಲ್ಲೇಶ್ವರದಲ್ಲಿ. ಚಿಕ್ಕಂದಿನಲ್ಲಿ ನಲ್ಲಿಗೆ ಬಾಯಿಟ್ಟು ಕುಡಿದ ನೀರಿನ ತವರು ಯಾವುದೆಂದು ಐವತ್ತು ದಾಟಿದ ಮೇಲೆ, ಟ್ಯೂಷನ್ ತಪ್ಪಿಸಿದ ಮಗನ ಬಾಯಿಂದ ಕೇಳಿದೆ.

ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಬೆಟ್ಟವಿದು. ತುದಿ ಹತ್ತಿರವಾದಂತೆ ದಾರಿ ಕಡಿದಾಗುತ್ತದೆ. ಬಂಡೆಯಲ್ಲೇ ಕಡಿದ ಸಣ್ಣ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಅರ್ಧ ಹತ್ತಿದ್ದೆ. ಬೂಟು ಸರ್ರನೆ ಜಾರಿ ಮೊಣಕಾಲು ಬಂಡೆಗೆ ಬಡಿಯಿತು. ಕಂಬಿ ಕೈಯಲ್ಲಿತ್ತು, ಬೀಳಲಿಲ್ಲ. ಆದರೆ ಆ ಕ್ಷಣದಲ್ಲಿ ಕೆಳಗೆ ನೋಡಿಬಿಟ್ಟೆ. ತೆಂಗಿನಮರಗಳು ಕೊತ್ತಂಬರಿ ಸೊಪ್ಪಿನ ಹಾಗೆ ಕಂಡವು. ಅಷ್ಟೆ, ಕೈಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ಮೇಲೂ ಇಲ್ಲ, ಕೆಳಗೂ ಇಲ್ಲ. ಹಿಂದೆ ನಿಂತವರು, 'ಯಜಮಾನ್ರೇ, ಸ್ವಲ್ಪ ಜಾಗ ಬಿಡಿ' ಎನ್ನುತ್ತಿದ್ದರು. 'ಆಗ್ತಿಲ್ಲ ಕಣೋ' ಎಂದೆ. ಮಗನ ಮುಂದೆ ಹದಿನೇಳು ವರ್ಷದಲ್ಲಿ ಆ ಮಾತು ಆಡಿದ ನೆನಪು ನನಗಿಲ್ಲ.

ಮೇಲಿದ್ದವನು ಬಂಡೆಯ ಮೈಮೇಲೆ ಪಕ್ಕಕ್ಕೆ ಸರಿದು ನನಗಿಂತ ಕೆಳಗಿಳಿದು ನಿಂತ. ಹಿಂದಿನವರಿಗೆ, 'ಎರಡು ನಿಮಿಷ ಅಂಕಲ್' ಎಂದ. ನನ್ನ ಬೂಟು, ಕಾಲುಚೀಲ ಬಿಚ್ಚಿ ಚೀಲಕ್ಕೆ ತುರುಕಿದ. 'ಬರಿಗಾಲು ಬಂಡೆ ಹಿಡಿಯತ್ತೆ, ಬಿಸಿಲು ಇನ್ನೂ ಏರಿಲ್ಲ. ಬಂಡೆಗೆ ಮುಖ ಮಾಡಿ. ಎರಡು ಕೈ, ಎರಡು ಕಾಲಲ್ಲಿ ಯಾವಾಗ್ಲೂ ಮೂರು ಹಿಡಿದಿರ್ಬೇಕು, ನಾಲ್ಕನೇದು ಮಾತ್ರ ಸರಿಸಿ. ಈಗ ಎಡಗಾಲು... ನಾನು ಹಿಡ್ಕೊಂಡಿದೀನಿ.' ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಕೂರಿಸುತ್ತಾ ಇಳಿಸಿದ. ಇಪ್ಪತ್ತು ಮೆಟ್ಟಿಲಿದ್ದವೋ ಮೂವತ್ತೋ. ಅಷ್ಟೂ ಹೊತ್ತು ಅವನು ದನಿ ಎತ್ತಲಿಲ್ಲ. ನೆಟ್ಟಗೆ ಹೆಜ್ಜೆಯಿಡಿ ಎಂದೂ ಅನ್ನಲಿಲ್ಲ.

ಸಮತಟ್ಟು ಬಂಡೆಯ ಮೇಲೆ ಕೂತು ಚಿಕ್ಕಿ ತಿಂದೆವು. ಮೊಣಕಾಲಿಗೆ ಒದ್ದೆ ಟವೆಲ್ಲು ಸುತ್ತಿದ್ದ. ಬಹಳ ಹೊತ್ತಿನ ಮೇಲೆ, ನಾನು ಕೇಳದೆಯೇ ಹೇಳಿದ: 'ಜೂನ್‌ನಿಂದ ಕೆಮಿಸ್ಟ್ರಿ ಒಂದು ಅಕ್ಷರ ಅರ್ಥ ಆಗ್ತಿಲ್ಲ ಅಪ್ಪ. ಅಲ್ಲಿ ಎಂಬತ್ತು ಜನ ಇದಾರೆ. ಕೈ ಎತ್ತಿದ್ರೆ ಎಲ್ರೂ ತಿರುಗಿ ನೋಡ್ತಾರೆ. ಮನೇಲಿ ಹೇಳೋಣ ಅಂದ್ರೆ...' ಅಲ್ಲಿಗೆ ನಿಲ್ಲಿಸಿದ. ಉಳಿದದ್ದನ್ನು ಹೇಳಬೇಕಾಗಿರಲಿಲ್ಲ.

ಟ್ಯೂಷನ್ ಬಿಡಿಸಿದೆ, ಫೀಜು ವಾಪಸು ಬರಲಿಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೆ ಮೂರು ಸಂಜೆ ಮೊದಲ ಪಾಠದಿಂದ ಹೇಳಿಕೊಡುತ್ತಿದ್ದಾರೆ. ಅಂಕ ಎಷ್ಟು ಬರುತ್ತದೋ ನೋಡಬೇಕು. ತಿಂಗಳಿಗೊಂದು ಭಾನುವಾರ ಬೆಟ್ಟಕ್ಕೆ ಎಂದು ಒಪ್ಪಂದವಾಗಿದೆ. ಯಾವ ಬೆಟ್ಟ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋಗಬೇಕು. ಮಾಕಳಿದುರ್ಗದಂಥ ಕಡೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ಮಳೆಯಲ್ಲಿ ಬಂಡೆ ಹತ್ತಕೂಡದು. ಒಬ್ಬನೇ ಹೋಗಕೂಡದು, ಕತ್ತಲಾಗುವ ಮೊದಲು ಕೆಳಗಿಳಿದಿರಬೇಕು. ಕೊನೆಯ ಎರಡು ಷರತ್ತು ಅವನೇ ಸೇರಿಸಿದ್ದು.

ಕಳೆದ ವಾರ ನನಗೆ ಷೂ ಕೊಳ್ಳಲು ಇಬ್ಬರೂ ಹೋಗಿದ್ದೆವು. ನಾನು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಅವನು ಒಂದೊಂದೇ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ನಾಲ್ಕು ಜೊತೆ ಬೇಡವೆಂದು ಐದನೆಯದನ್ನು ಆರಿಸಿದ. ಶಿವಗಂಗೆಯ ತುದಿಯ ನಂದಿಯನ್ನು ನಾನಿನ್ನೂ ನೋಡಿಲ್ಲ. ಸಂಕ್ರಾಂತಿ ಜಾತ್ರೆ ಮುಗಿಯಲಿ, ಜನ ಕಡಿಮೆಯಾದ ಮೇಲೆ ಹೋಗೋಣ ಎಂದಿದ್ದಾನೆ.