ಯಸಳೂರಿನ ಹಿತ್ತಿಲೂ ಕೋಳಿಯ ಒಡ್ಡಿಯೂ

ಸಕಲೇಶಪುರದಿಂದ ದಕ್ಷಿಣಾಭಿಮುಖವಾಗಿ ಹೊರಟವರಿಗೆ ಹೇಮಾವತಿಯ ಕಣಿವೆ ಹಿಂದುಳಿದು, ಕಾಫಿಯ ತೋಟಗಳೂ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳೂ, ತಗ್ಗುಗಳಲ್ಲಿ ಬತ್ತದ ಗದ್ದೆಗಳೂ ಕಾಣತೊಡಗುತ್ತವೆ. ಈ ಮಾರ್ಗದ ಯಸಳೂರು ಒಂದು ಹೋಬಳಿಯ ಮುಖ್ಯಸ್ಥಳವು. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಮಂಜರಾಬಾದಿನ ಕೋಟೆಯನ್ನು ನೋಡಲು ಈ ತಾಲ್ಲೂಕಿಗೆ ಬರುವವರು ಬಹುಮಂದಿ. ನಾವು ಈ ಸಲ ನೋಡಿಬಂದುದು ಬೇರೊಂದು ಬಗೆಯ ಕೋಟೆಯನ್ನು. ಅದು ಹಿತ್ತಿಲಿನ ಕೋಳಿ ಒಡ್ಡಿ. ಪ್ರತಿರಾತ್ರಿಯೂ ಅದಕ್ಕೆ ಮುತ್ತಿಗೆ ಬೀಳುತ್ತದೆ.

ಇಲ್ಲಿಯ ಮನೆಗಳು ಒಂದಕ್ಕೊಂದು ದೂರ. ಹಿತ್ತಿಲು ಮುಗಿದಲ್ಲಿ ತೋಟ, ತೋಟ ಮುಗಿದಲ್ಲಿ ಕಾಡು. ನಡುವೆ ಎಲ್ಲೆಯೆಂಬುದೇ ಇಲ್ಲ. ಕತ್ತಲಾದೊಡನೆ ಕಬ್ಬೆಕ್ಕು ಮಾಡಿನ ಸಂದಿನಿಂದ ಇಳಿಯುತ್ತದೆ. ಪುನುಗಿನ ಬೆಕ್ಕೂ ಕಾಡುಬೆಕ್ಕೂ ನೆಲದ ದಾರಿಯಲ್ಲಿಯೇ ಬರುತ್ತವೆ. ನರಿಯು ಗೋಡೆಯ ಬುಡವನ್ನು ಕೆರೆಯುತ್ತದೆ. ಹೆಬ್ಬಾವು ಕಿರಿದಾದ ಕಂಡಿಯಿಂದ ನುಸುಳಿ, ಕೋಳಿಯನ್ನು ನುಂಗಿದ ಮೇಲೆ ಹೊಟ್ಟೆ ಉಬ್ಬಿ, ಬಂದ ಕಂಡಿಯಿಂದ ಹೊರಬೀಳಲಾರದೆ ಬೆಳಗಿನವರೆಗೆ ಒಳಗೇ ಸುತ್ತಿಕೊಂಡಿರುವುದೂ ಉಂಟು. ಮಳೆಗಾಲದಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಹಕ್ಕಿಯ ಕೂಗು ಮನೆಯವರ ಕಿವಿಗೆ ಬೀಳದು.

ಅಮರಕೋಶದಲ್ಲಿ ಕೋಳಿಗೆ ಚರಣಾಯುಧವೆಂಬ ಹೆಸರಿದೆ. ಕಾಲೇ ಆಯುಧವಾದ ಈ ಪಕ್ಷಿಯು ಹಗಲಿನಲ್ಲಿ ಗಿಡುಗನನ್ನೂ ಎದುರಿಸೀತು. ರಾತ್ರಿಯಲ್ಲಿ ಅದರ ಕಣ್ಣು ಬಲು ಮಂದ. ಆದುದರಿಂದ ಕೂತಲ್ಲೇ ಕೂತು ಸಾಯುತ್ತದೆ. ಒಡ್ಡಿಯೊಳಗಿನ ಹಕ್ಕಿಗಳು ಓಡಲಾರದೆ ರೆಕ್ಕೆ ಬಡಿಯುತ್ತಿರಲು, ಮೃಗದ ಬೇಟೆಯ ವೇಗವೂ ನಿಲ್ಲುವುದಿಲ್ಲ. ಹೊಟ್ಟೆಗೆ ಒಂದು ಸಾಕಾದರೂ ಸತ್ತು ಬೀಳುವುದು ಐದಾರು. ಇದನ್ನು ಕಂಡು ಜನರು ಆ ಪ್ರಾಣಿಯನ್ನು ಕ್ರೂರಿಯೆಂದು ಬಯ್ಯುತ್ತಾರೆ. ಕಾಡಿನಲ್ಲಾದರೆ ಮೊದಲ ಏಟಿಗೇ ಉಳಿದ ಹಕ್ಕಿಗಳು ಚೆದರಿ ಹೋಗುತ್ತಿದ್ದವು. ಚೆದರದಂತೆ ಕೂಡಿಹಾಕಿದವರು ನಾವೇ.

ನಷ್ಟವು ಯಾರದೆಂಬುದನ್ನು ವಾಚಕರು ಗಮನಿಸಬೇಕು. ತೋಟದ ಫಸಲಿನ ಹಣ ಯಜಮಾನನ ಕೈಗೆ ಹೋಗುತ್ತದೆ. ಕೋಳಿ ಮೊಟ್ಟೆಗಳ ಹಣ ಹೆಂಗಸರದು. ಲೈನು ಮನೆಗಳ ಕೂಲಿ ಹೆಂಗಸಿಗಂತೂ ಕೂಲಿ ತಪ್ಪಿದ ವಾರದ ಉಪ್ಪು ಎಣ್ಣೆಗಳೂ, ಮಕ್ಕಳ ಪುಸ್ತಕ ಬಳಪಗಳೂ ಅದರಿಂದಲೇ. ಕಾವಿಗೆ ಕೂತ ಹೇಂಟೆಯು 21 ದಿನ ಒಂದೇ ಕಡೆ ಕದಲದೆ ಇರುವುದರಿಂದ ಅದಕ್ಕೆ ಅಪಾಯ ಹೆಚ್ಚು. ಅದೊಂದು ಹೋದರೆ ಹುಟ್ಟಬೇಕಾಗಿದ್ದ ಹತ್ತು ಹನ್ನೆರಡು ಹೂಮರಿಗಳೂ ಹೋದಂತೆಯೇ. ಅಲ್ಲಿಯ ವೃದ್ಧೆಯೊಬ್ಬಳು ನಮ್ಮೊಡನೆ, “ಮೇಷ್ಟ್ರೇ, ಆನೆ ಬಂದರೆ ಊರೇ ಸೇರುತ್ತೆ. ನನ್ನ ಹೇಂಟೆ ಹೋದರೆ ಕೇಳೋರು ಯಾರು?” ಎಂದಳು. ಉತ್ತರ ಹೇಳಲು ನಮಗೆ ತೋಚಲಿಲ್ಲ.

ಇಂತಹ ದುಃಖದಲ್ಲಿ ಕೆಲವರು ಉರುಳನ್ನೊಡ್ಡುತ್ತಾರೆ, ಸತ್ತ ಕೋಳಿಗೆ ವಿಷ ಸವರಿ ಇಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಕಾಡುಪ್ರಾಣಿಗಳನ್ನು ಕೊಲ್ಲುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ. ವಿಷವಿಟ್ಟ ಮಾಂಸವನ್ನು ಮೊದಲು ತಿನ್ನುವುದು ಮನೆಯ ನಾಯಿಯೇ ಆಗಬಹುದು. ಕಾಡುಬೆಕ್ಕು, ಪುನುಗಿನ ಬೆಕ್ಕುಗಳ ನಿತ್ಯಾಹಾರದಲ್ಲಿ ಇಲಿ ಹೆಗ್ಗಣಗಳ ಪಾಲೇ ದೊಡ್ಡದು. ಅವನ್ನು ಕೊಂದ ಮನೆಯವರು ಕಣಜದ ಬತ್ತಕ್ಕೆ ಬೇರೆ ಕಾವಲುಗಾರನನ್ನು ಹುಡುಕಬೇಕಾದೀತು.

ಯಸಳೂರಿನ ಸಮೀಪದ ಒಂದು ಮನೆಯಲ್ಲಿ ನಾವು ಕಂಡ ಒಡ್ಡಿಯ ಕ್ರಮವನ್ನು ಗೃಹಿಣಿಯರ ಉಪಯೋಗಕ್ಕಾಗಿ ಬರೆಯುತ್ತೇವೆ. ನೆಲಕ್ಕೆ ಕಲ್ಲು ಹಾಸಿದ್ದಾರೆ. ಸುತ್ತಲೂ ಒಂದಡಿ ಆಳಕ್ಕೆ ಕಲ್ಲು ಹೂತಿರುವುದರಿಂದ ನರಿಗೆ ಕೆರೆಯಲು ಮಣ್ಣಿಲ್ಲ. ತೆಳು ಕೋಳಿಬಲೆಯನ್ನು ಬಿಟ್ಟು, ಅರ್ಧ ಅಂಗುಲದ ಕಣ್ಣಿನ ಗಟ್ಟಿ ತಂತಿಜಾಲರಿಯನ್ನು ಗೋಡೆಗೂ ಮಾಡಿನ ಸಂದಿಗೂ ಬಿಗಿದಿದ್ದಾರೆ. ಬಾಗಿಲಿಗೆ ಎರಡು ಅಗುಳಿ. ಕಾವಿನ ಹೇಂಟೆಗೆ ಮನೆಯೊಳಗೇ ಬುಟ್ಟಿ. ಸೂರ್ಯಾಸ್ತಕ್ಕೆ ಮೊದಲೇ ಕೋಳಿಗಳನ್ನು ಎಣಿಸಿ ಬಾಗಿಲಿಕ್ಕುವುದು ಆ ಮನೆಯ ಹುಡುಗಿಯ ಕೆಲಸ. ದೀಪ ಹಚ್ಚುವ ಮೊದಲು ಆಗಬೇಕಾದ ಕೆಲಸವಿದೆಂದು ಅವಳಿಗೆ ಯಾರೂ ಜ್ಞಾಪಿಸಬೇಕಾಗಿಲ್ಲ.

ಇದಕ್ಕೆ ತಗಲುವ ಹಣ ಅಲ್ಪವಲ್ಲ. ಕೂಲಿ ಹೆಂಗಸೊಬ್ಬಳಿಗೆ ಅದು ಹಲವು ಹೇಂಟೆಗಳ ಬೆಲೆ. ತೋಟದ ಯಜಮಾನರು ಲೈನು ಮನೆಗಳ ಮಾಡನ್ನು ರಿಪೇರಿ ಮಾಡಿಸುವಾಗ, ಹಿಂದಿನ ಒಡ್ಡಿಗೂ ನಾಲ್ಕು ಗಜ ಜಾಲರಿಯನ್ನು ಕೊಡಿಸಿದರೆ ಅದು ದಾನವೂ ಆಗದು, ದುಂದೂ ಆಗದು. ಕಾಡಿನ ಅಂಚಿನಲ್ಲಿ ತೋಟ ಮಾಡಿ ಲಾಭ ಪಡೆಯುವವರು ಅಲ್ಲಿಯ ರಾತ್ರಿಯ ಖರ್ಚಿನಲ್ಲಿಯೂ ಪಾಲುಗೊಳ್ಳುವುದು ನ್ಯಾಯವೇ ಸರಿ.