ಮಣ್ಣು, ಉಪ್ಪು, ಕಲ್ಲು

ನಡೆಯುವವನಿಗೆ ಕಾಲಿನ ನೆನಪಿರುವುದಿಲ್ಲ. ಹಸಿದಾಗ ಹೊಟ್ಟೆಯ ನೆನಪು, ದಣಿದಾಗ ಬೆನ್ನಿನ ನೆನಪು, ಮುಪ್ಪಿನಲ್ಲಿ ಕಣ್ಣು ಹಲ್ಲುಗಳ ನೆನಪು ಎಲ್ಲರಿಗೂ ಬರುವುದುಂಟು. ಕಾಲಾದರೋ ಮನೆಯ ಹಳೆಯ ಆಳಿನಂತೆ ಕರೆಯುವುದಕ್ಕೆ ಮೊದಲೇ ಎದ್ದು ನಿಂತಿರುವುದು. ಅದನ್ನು ಮಾತನಾಡಿಸುವವರಾರೂ ಇಲ್ಲ. ಅದು ಒಂದು ದಿನ ಮಲಗಿಬಿಟ್ಟಿತೆಂದರೆ ಮಾತ್ರ, ಮನೆಯ ಕೆಲಸವೆಲ್ಲ ಯಾರ ಹೆಗಲ ಮೇಲಿದ್ದಿತೆಂಬುದು ತಿಳಿಯುವುದು.

ತೀರ್ಥಹಳ್ಳಿಯ ಸೀಮೆಯಲ್ಲಿ ಅಡಕೆಯ ತೋಟವನ್ನು ನಂಬಿಕೊಂಡಿರುವ ಒಂದು ಮನೆಯ ಯಜಮಾನರಿಗೆ ಈ ತಿಳಿವಳಿಕೆ ತಮ್ಮ 61ನೆಯ ವಯಸ್ಸಿನಲ್ಲಿ ಬಂದಿತು. ಆಷಾಢದ ಮಳೆ ಒಂದು ಜಾವ ಹೊಳವಾಗಿದ್ದಿತು. ಕೊಳೆರೋಗಕ್ಕೆ ಎರಡನೆಯ ಸಲದ ಔಷಧ ಹೊಡೆಯಲು ಆಳುಗಳು ತೋಟಕ್ಕೆ ಇಳಿದಿದ್ದರು. ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಹಳ್ಳಕ್ಕೆ ಅಡಕೆಯ ಮರದ ದಬ್ಬೆಗಳೆರಡನ್ನು ಜೋಡಿಸಿ ಹಾಕಿದ ಸಂಕ. ಆ ಸಂಕಕ್ಕೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಜ್ಜನ ಕಾಲದಲ್ಲಿಯೂ ಇರಲಿಲ್ಲ, ತಂದೆಯ ಕಾಲದಲ್ಲಿಯೂ ಇರಲಿಲ್ಲ. ‘ಹಿಡಿದುಕೊಂಡು ದಾಟುವುದಕ್ಕೆ ನಾವೇನು ಪೇಟೆಯವರೆ?’ ಎಂಬ ಮಾತು ಆ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದುಬಂದಿದ್ದಿತು. ಪಾಚಿಗಟ್ಟಿದ ಆ ಸಂಕದ ನಟ್ಟನಡುವೆ ಯಜಮಾನರು ಜಾರಿದರು. ಬಿದ್ದ ಆಳ ಒಂದಾಳಿಗಿಂತ ಹೆಚ್ಚಿರಲಿಲ್ಲ. ಆದರೆ ಬಲದೊಡೆಯು ಎರಡು ಬಂಡೆಗಳ ಸಂದಿಗೆ ಸಿಕ್ಕಿ, ಒಣಕಟ್ಟಿಗೆ ಮುರಿದಂತೆ ಸದ್ದಾಯಿತು.

ಆಳುಗಳು ಓಡಿಬಂದರು. ಅವರಲ್ಲಿ ಹಿರಿಯನೊಬ್ಬನು, ಕಾಲನ್ನು ಯಾರೂ ಎಳೆಯಬಾರದೆಂದು ತಡೆದು, ಕೊಟ್ಟಿಗೆಯ ಬಾಗಿಲನ್ನೇ ಕಳಚಿ ತರಿಸಿದನು. ಮುರಿದ ಕಾಲನ್ನು ನೆಟ್ಟಗಿದ್ದ ಕಾಲಿಗೆ ಪಂಚೆಯಿಂದ ಸೇರಿಸಿ ಕಟ್ಟಿ, ಬಾಗಿಲಿನ ಮೇಲೆ ಮಲಗಿಸಿ, ನಾಲ್ವರು ಹೊತ್ತು ರಸ್ತೆಗೆ ತಂದರು. ಅಲ್ಲಿಂದ ಶಿವಮೊಗ್ಗೆಯ ಆಸ್ಪತ್ರೆಗೆ ಪ್ರಯಾಣವಾಯಿತು. ಮರುದಿನ ಶಸ್ತ್ರವೈದ್ಯರು ತೊಡೆಯ ಮೂಳೆಯ ಪೊಳ್ಳಿನೊಳಗೆ ಉದ್ದವಾದ ಲೋಹದ ಸರಳೊಂದನ್ನು ಹಾಯಿಸಿ, ಮೇಲೂ ಕೆಳಗೂ ತಿರುಪುಗಳಿಂದ ಬಿಗಿದರು.

ಈ ಉಪಾಯವನ್ನು ಜರ್ಮನಿಯ ಕೀಲ್ ನಗರದಲ್ಲಿ 1939ರಲ್ಲಿ ಬಳಕೆಗೆ ತಂದ ಶಸ್ತ್ರವೈದ್ಯನ ಹೆಸರು ಗೆರ್ಹಾರ್ಡ್ ಕುಂಟ್‌ಷರ್. ಕನ್ನಡದ ಕಿವಿಗೆ ಆ ಹೆಸರಿನಲ್ಲಿ ಕುಂಟು ಕೇಳಿಸಿದರೂ, ಕುಂಟಾಗಬೇಕಾಗಿದ್ದ ಅಸಂಖ್ಯಾತ ಜನರನ್ನು ನೆಟ್ಟಗೆ ನಡೆಯಿಸಿದ ಪುಣ್ಯ ಅವನದು. ಅದಕ್ಕೆ ಮೊದಲು ತೊಡೆ ಮುರಿದವನು, ಕಾಲಿಗೆ ಭಾರ ಕಟ್ಟಿಸಿಕೊಂಡು ವಾರಗಟ್ಟಲೆ ಹಾಸಿಗೆಯಲ್ಲಿಯೇ ಇರಬೇಕಾಗಿದ್ದಿತು. ಈಗಲಾದರೋ ಒಂದೆರಡು ದಿನಗಳಲ್ಲಿಯೇ ಎಬ್ಬಿಸಿ ಕುಳ್ಳಿರಿಸುವರು. ಯಜಮಾನರನ್ನೂ ಹಾಗೆಯೇ ಕುಳ್ಳಿರಿಸಿ, ನಾಲ್ಕು ಕಾಲಿನ ವಾಕರ್ ಒಂದನ್ನು ಕೈಗೆ ಕೊಟ್ಟು, ಹತ್ತನೆಯ ದಿನ ಮನೆಗೆ ಕಳುಹಿಸಿದರು.

ಯಜಮಾನರ ತಂದೆ ಪಂಡಿತವೈದ್ಯರಾಗಿದ್ದವರು. ಅವರು ಬಿಟ್ಟುಹೋದ ಸುಶ್ರುತಸಂಹಿತೆ ಅಟ್ಟದ ಪೆಟ್ಟಿಗೆಯಲ್ಲಿದ್ದಿತು. ಹಾಸಿಗೆಯಲ್ಲಿ ಹೊತ್ತು ಹೋಗದೆ ಅದನ್ನು ತರಿಸಿ, ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವಾದ ಭಗ್ನಚಿಕಿತ್ಸೆಯನ್ನು ತೆರೆದರು. ಮೊಣಕಾಲಿನ ಕೆಳಗಾಗಲಿ ತೊಡೆಯಲ್ಲಾಗಲಿ ಮುರಿದವನಿಗೆ ಕಪಾಟಶಯನವು ಹಿತವೆಂದೂ, ಕಾಲು ಅಲುಗದಂತೆ ಕಟ್ಟುವುದಕ್ಕೆ ಐದು ಗೂಟಗಳಿರಬೇಕೆಂದೂ, ಕೀಲಿನ ಎರಡು ಕಡೆಗೂ ಎರಡೆರಡು, ಅಂಗಾಲಿಗೆ ಒಂದು ಎಂದೂ ಅಲ್ಲಿ ಹೇಳಿದೆ. ಕಪಾಟವೆಂದರೆ ಬಾಗಿಲು. ಯಜಮಾನರು ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ನಕ್ಕರು. ಕೊಟ್ಟಿಗೆಯ ಬಾಗಿಲು ಕಳಚಿದ ಆ ಆಳು ಯಾವ ಪಾಠಶಾಲೆಯಲ್ಲಿ ಓದಿದ್ದನು?

ಅದೇ ಅಧ್ಯಾಯದಲ್ಲಿ ಅವರಿಗೆ ಇನ್ನೊಂದು ಸಮಾಧಾನ ದೊರೆಯಿತು. ಮುರಿದುದು ಕೂಡಿ ಸ್ಥಿರವಾಗುವುದಕ್ಕೆ ಎಳೆಯ ವಯಸ್ಸಿನಲ್ಲಿ ಒಂದು ತಿಂಗಳು, ಮಧ್ಯವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು. ಸುಶ್ರುತನ ಎಣಿಕೆಯಲ್ಲಿ ಎಪ್ಪತ್ತರವರೆಗೂ ಮಧ್ಯವಯಸ್ಸೇ. ಹೀಗೆ ಶಾಸ್ತ್ರದ ಬಲದಿಂದ ನಡುಹರೆಯದವರಾಗಿ, ಯಜಮಾನರು ಭಾದ್ರಪದಕ್ಕೆ ತೋಟಕ್ಕೆ ಇಳಿಯುವೆನೆಂದು ದಿನ ಗೊತ್ತುಮಾಡಿಕೊಂಡರು. ಡಾಕ್ಟರು ಇದನ್ನು ಕೇಳಿ, ತೊಡೆಯ ಮೂಳೆ ದೇಹದಲ್ಲೆಲ್ಲ ದೊಡ್ಡದೆಂದೂ, ಅದಕ್ಕೆ ನಾಲ್ಕರಿಂದ ಆರು ತಿಂಗಳು ಹಿಡಿಯುವುದೆಂದೂ ಹೇಳಿದರು. ಮುರಿದೆಡೆಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುವುದು; ಅದರೊಳಗೆ ಮೆತ್ತನೆಯ ಎಳೆಮೂಳೆ ಹುಟ್ಟಿ ಎರಡು ತುದಿಗಳನ್ನೂ ಹಿಡಿಯುವುದು; ಬರಬರುತ್ತ ಅದು ಗಟ್ಟಿಯಾಗುವುದು; ಅನಂತರ ವರ್ಷಗಟ್ಟಲೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರುವುದು. ಇದೆಲ್ಲ ಮನುಷ್ಯನು ನಿದ್ದೆಮಾಡುತ್ತಿರುವಾಗಲೂ ನಡೆಯುವ ಕೆಲಸ. ಅದರಲ್ಲಿ ಅವನ ಪುರುಷಪ್ರಯತ್ನವು ಅಷ್ಟಾಗಿ ಬೇಕಿಲ್ಲ.

ಪ್ರಯತ್ನ ಬೇಕಾದುದು ಬೇರೆಯ ಕಡೆಗೆ. ತಾಲ್ಲೂಕು ಪಟ್ಟಣದಿಂದ ವಾರಕ್ಕೆರಡು ಸಲ ಫಿಸಿಯೋಥೆರಪಿಯ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ವಯಸ್ಸಿನಲ್ಲಿ ಯಜಮಾನರ ಮೊಮ್ಮಗಳೆನ್ನಬಹುದು. ಮಂಡಿಯ ಕೆಳಗೆ ಟವಲೊಂದನ್ನು ಸುತ್ತಿಟ್ಟು, ‘ಇದನ್ನು ಮಂಡಿಯಿಂದ ಒತ್ತಿ, ಐದೆಣಿಸಿ, ಬಿಡಿ’ ಎಂದಳು. ಯಜಮಾನರು ತೊಡೆಗೆ ಅಪ್ಪಣೆ ಕೊಟ್ಟರು. ತೊಡೆ ಕೇಳಲಿಲ್ಲ. ಮತ್ತೊಮ್ಮೆ ಕೊಟ್ಟರು. ಹಣೆಯಲ್ಲಿ ಬೆವರೊಡೆಯಿತೇ ಹೊರತು ಟವಲು ಅಮುಕಲಿಲ್ಲ. ಐವತ್ತು ವರ್ಷ ಗುಡ್ಡ ಹತ್ತಿ ಇಳಿದ ಕಾಲು ಯಾರದೋ ಕಾಲಿನಂತೆ ಹಾಸಿಗೆಯ ಮೇಲೆ ಬಿದ್ದಿದ್ದಿತು. ನೋವೂ ಬಾವೂ ಇರುವಾಗ ತೊಡೆಯ ಸ್ನಾಯುವು ಮನಸ್ಸಿನ ಮಾತನ್ನು ಹೀಗೆ ಕೇಳದೆ ಹೋಗುವುದುಂಟೆಂದೂ, ಕೆಲಸವಿಲ್ಲದ ಸ್ನಾಯು ದಿನದಿನಕ್ಕೆ ಸೊರಗುವುದೆಂದೂ ಅವಳು ತಿಳಿಸಿದಳು. ದಾರವೊಂದರಿಂದ ಎರಡು ತೊಡೆಗಳನ್ನೂ ಸುತ್ತಿ ಅಳೆದಾಗ, ಬಲದೊಡೆ ಎರಡು ಬೆರಳಿನಷ್ಟು ಸಣ್ಣದಾಗಿದ್ದಿತು. ಯಜಮಾನರು ಆ ದಾರಕ್ಕೆ ಎರಡು ಗಂಟು ಹಾಕಿಸಿ, ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡರು.

ಕಾಲಿಗಿಂತಲೂ ಅವರನ್ನು ನೋಯಿಸಿದುದು ಪರಾಧೀನತೆ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಹೆಂಡತಿಯನ್ನು ಎಬ್ಬಿಸಬೇಕು. ಎಬ್ಬಿಸಲಾರದೆ, ಅವರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ನಾಲ್ಕಾರು ದಿನಗಳಲ್ಲಿ ಆಕೆಗೆ ಗೊತ್ತಾಯಿತು. ಆಕೆ ಕೋಪಿಸಿಕೊಳ್ಳಲಿಲ್ಲ. ಚೊಂಬಿನ ತುಂಬ ನೀರು ತಂದು ಮುಂದಿಟ್ಟು, ‘ನಲವತ್ತು ವರ್ಷ ನನ್ನನ್ನು ನೀವು ಎಬ್ಬಿಸಲಿಲ್ಲ. ಆ ರಾತ್ರಿಗಳಲ್ಲೆಲ್ಲ ನಾನು ನಿದ್ದೆ ಮಾಡಿದೆನೆಂದು ತಿಳಿದಿರಾ?’ ಎಂದರು. ಯಜಮಾನರು ಚೊಂಬನ್ನೆತ್ತಿ ಕುಡಿದರು.

ಭಾದ್ರಪದ ಬಂದಿತು. ಶಾಸ್ತ್ರದ ಎರಡು ತಿಂಗಳೂ ತುಂಬಿದವು. ಮನೆಯವರು ಒಳಗಿದ್ದ ಹೊತ್ತು ನೋಡಿ, ಯಜಮಾನರು ವಾಕರನ್ನು ಬದಿಗಿಟ್ಟು ಎದ್ದು ನಿಂತರು. ಒಂದು ಹೆಜ್ಜೆ ಇಟ್ಟರು. ಮಂಡಿ ಒಮ್ಮೆಲೇ ಮಡಿಸಿತು. ದೈವವಶಾತ್ ಬಿದ್ದುದು ಹಾಸಿಗೆಯ ಮೇಲೆ. ಸರಳು ಅಲುಗಿರಲಿಲ್ಲ, ಮೂಳೆಗೂ ಏನೂ ಆಗಿರಲಿಲ್ಲ. ಆದರೆ ಆ ಕ್ಷಣದಲ್ಲಿ ಇನ್ನೇನೋ ಒಂದು ಮುರಿಯಿತು. ಅಂದಿನಿಂದ ಅವರು ನಿಲ್ಲುವುದಕ್ಕೂ ಅಂಜಿದರು.

ಆಗ ಅವರಿಗೆ, ಮೊದಲ ಓದಿನಲ್ಲಿ ಅವಸರದಿಂದ ದಾಟಿಹೋಗಿದ್ದ ಒಂದು ಮಾತು ಕಣ್ಣಿಗೆ ಬಿದ್ದಿತು. ಅಂಗೈ ಮುರಿದು ವಾಸಿಯಾದವನು ಅದರ ಶಕ್ತಿಯನ್ನು ಮರಳಿ ಪಡೆಯುವ ಬಗೆಯನ್ನು ಸುಶ್ರುತನು ಹೇಳುವ ಎಡೆ ಅದು. ಮೊದಲು ಮಣ್ಣಿನ ಉಂಡೆಯನ್ನು ಹಿಡಿಯಬೇಕು; ಆಮೇಲೆ ಉಪ್ಪಿನ ಹೆಂಟೆಯನ್ನು; ಕೈಗೆ ಬಲ ಬಂದಮೇಲೆ ಕಲ್ಲನ್ನು. ಮೂಳೆ ಕೂಡುವ ತಿಂಗಳುಗಳನ್ನು ಎಣಿಸಿದ್ದ ಆಚಾರ್ಯನು, ಬಲ ಬರುವುದಕ್ಕೆ ತಿಂಗಳಿನ ಲೆಕ್ಕವನ್ನು ಕೊಡಲಿಲ್ಲ. ಮೆಟ್ಟಿಲುಗಳನ್ನು ಮಾತ್ರ ಹೇಳಿದನು. ಯಜಮಾನರು ಕೂಡುವ ಲೆಕ್ಕವನ್ನೇ ನಡೆಯುವ ಲೆಕ್ಕವೆಂದು ತಿಳಿದು ಮೋಸಹೋಗಿದ್ದರು.

ಮುಂದಿನ ಸಲ ಬಂದ ಹೆಣ್ಣುಮಗಳಿಗೆ ಅವರು ಇದನ್ನು ಅರ್ಥಸಹಿತವಾಗಿ ಓದಿ ಹೇಳಿದರು. ಅವಳ ಮುಖ ಅರಳಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವೈದ್ಯನಾಗಿದ್ದ ಥಾಮಸ್ ಡಿಲಾರ್ಮ್ ಎಂಬುವನು, ಮಂಡಿಗೆ ಪೆಟ್ಟಾಗಿ ತೊಡೆ ಸೊರಗಿದ ಸಿಪಾಯಿಗಳ ಕಾಲಿಗೆ ಭಾರ ಕಟ್ಟಿಸಿ, ಬಲ ಹೆಚ್ಚಿದಂತೆಲ್ಲ ಭಾರವನ್ನೂ ಹೆಚ್ಚಿಸುತ್ತ ಹೋಗಿ, 1945ರಲ್ಲಿ ಆ ಕ್ರಮವನ್ನು ಪ್ರಕಟಿಸಿದನಂತೆ. ಈಗಿನ ವಿದ್ಯಾರ್ಥಿಗಳು ಓದುವ ಪಾಠಕ್ಕೆ ಅದೇ ತಳಹದಿಯಂತೆ. ‘ನಿಮ್ಮ ಪುಸ್ತಕದಲ್ಲಿ ಅದು ಕೈಗೆ ಹೇಳಿದೆ, ನಾವು ಕಾಲಿಗೂ ಮಾಡೋಣ’ ಎಂದಳು. ಡಾಕ್ಟರ ಒಪ್ಪಿಗೆ ದೊರೆತಮೇಲೆ, ಕಾರ್ತಿಕದಲ್ಲಿ ಕಾಲಿನ ಮಣಿಗಂಟಿಗೆ ಅರ್ಧ ಕಿಲೋ ಮಣ್ಣಿನ ಚೀಲ ಬಂದಿತು. ಕುರ್ಚಿಯಲ್ಲಿ ಕುಳಿತು, ಮಂಡಿಯನ್ನು ನಿಧಾನವಾಗಿ ನೀಡಿ, ನಿಧಾನವಾಗಿ ಇಳಿಸುವುದು, ಹತ್ತು ಸಲ, ದಣಿವಾರಿಸಿಕೊಂಡು ಮತ್ತೆ ಹತ್ತು ಸಲ. ಕೆಲವು ವಾರಗಳ ಮೇಲೆ ಒಂದು ಕಿಲೋ ಉಪ್ಪು. ಶಾಸ್ತ್ರಕ್ಕೆ ಲೋಪ ಬರಬಾರದೆಂದು ಯಜಮಾನರು ಕಲ್ಲುಪ್ಪನ್ನೇ ತರಿಸಿದರು.

ವಾಕರ್ ಹೋಗಿ ಊರುಗೋಲು ಬಂದಿತು. ಬಂದ ನೆಂಟರಿಗೆಲ್ಲ ಅದೊಂದು ವಿನೋದವಾಯಿತು. ಪೆಟ್ಟು ಬಲಗಾಲಿಗೆ, ಕೋಲು ಎಡಗೈಯಲ್ಲಿ! ಆದರೆ ಕ್ರಮ ಅದೇ. ಬಲಗಾಲಿನ ಮೇಲೆ ನಿಂತು ಎಡಗಾಲನ್ನು ಎತ್ತಿದಾಗ ಸೊಂಟವು ಎಡಕ್ಕೆ ಕುಸಿಯಲು ನೋಡುವುದು. ಅದನ್ನು ಎತ್ತಿಹಿಡಿಯುವ ಕೆಲಸ ಬಲಸೊಂಟದ ಸ್ನಾಯುಗಳದು. ಕೋಲು ಎಡಗೈಯಲ್ಲಿದ್ದರೆ ಆ ಹೊರೆಯಲ್ಲಿ ಪಾಲು ತೆಗೆದುಕೊಳ್ಳುವುದು. ಮೆಟ್ಟಿಲು ಹತ್ತುವಾಗ ಗಟ್ಟಿಕಾಲು ಮೊದಲು, ಇಳಿಯುವಾಗ ಪೆಟ್ಟಿನ ಕಾಲು ಮೊದಲು. ಜಗಲಿಯ ಮೂರು ಮೆಟ್ಟಿಲುಗಳಲ್ಲಿ ಯಜಮಾನರು ಈ ಪಾಠವನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ಮಾರ್ಗಶಿರದಲ್ಲಿ ತೆಗೆದ ಎಕ್ಸರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದುದು ಕಂಡಿತು. ಮನೆಯೊಳಗೆ ಕೋಲನ್ನು ಬಿಡಬಹುದೆಂದು ಡಾಕ್ಟರು ಹೇಳಿದರು. ಯಜಮಾನರಿಗೆ ಬಿಡಲಾಗಲಿಲ್ಲ. ಕೋಲನ್ನು ಬಿಟ್ಟರೆ ಗೋಡೆಯನ್ನು ಹಿಡಿಯುವರು, ಗೋಡೆ ಮುಗಿದರೆ ನಿಂತುಬಿಡುವರು. ಮೂಳೆ ಕೂಡಿತೆಂಬುದಕ್ಕೆ ಚಿತ್ರವುಂಟು. ಧೈರ್ಯ ಕೂಡಿತೇ ಎಂದು ನೋಡುವ ಯಂತ್ರ ಯಾವ ಆಸ್ಪತ್ರೆಯಲ್ಲಿದೆ?

ಅಡಕೆ ಕೊಳ್ಳುವವನು ಬಂದ ದಿನ ತೂಕದಲ್ಲಿ ಜಗಳವಾಯಿತು. ಒಳಗೆ ಕುಳಿತಿದ್ದ ಯಜಮಾನರು, ಮಗನ ಮೆದುಮಾತು ಕೇಳಿ ಸಹಿಸಲಾರದೆ, ‘ಯಾವ ತಕ್ಕಡಿಯಯ್ಯಾ ಅದು?’ ಎಂದು ಗರ್ಜಿಸುತ್ತ ಹೊರಕ್ಕೆ ಬಂದರು. ನಡುಮನೆಯನ್ನು ದಾಟಿ, ಜಗಲಿಯನ್ನು ದಾಟಿ, ಮೂರು ಮೆಟ್ಟಿಲಿಳಿದು ಅಂಗಳದಲ್ಲಿ ನಿಂತರು. ತೂಕ ಸರಿಹೋಯಿತು. ಹೆಂಡತಿ ಹಿಂದಿನಿಂದ ಕೋಲನ್ನು ತಂದು, ಏನೂ ಹೇಳದೆ ಎಡಗೈಗೆ ಕೊಟ್ಟರು. ಯಜಮಾನರು ಕೋಲನ್ನು ನೋಡಿದರು, ಮನೆಯ ಬಾಗಿಲನ್ನು ನೋಡಿದರು, ಹೆಂಡತಿಯ ಮುಖವನ್ನು ನೋಡಿದರು. ಆ ಸಂಜೆ ಉಪ್ಪಿನ ಚೀಲ ಹೋಗಿ, ಎರಡು ಕಿಲೋ ತೂಗುವ ಹೊಳೆಗಲ್ಲು ಬಂದಿತು.

ಇನ್ನುಳಿದುದು ಸಂಕ. ಮಾಘದಲ್ಲಿ ಹಳ್ಳ ಬತ್ತಿ ಎಳೆಯಷ್ಟಾಗಿದ್ದಿತು. ಯಜಮಾನರು ದಿನವೂ ಅಲ್ಲಿಯವರೆಗೆ ಹೋಗಿ, ತೋಟದ ನೆತ್ತಿಯನ್ನು ಈ ಕಡೆಯಿಂದಲೇ ನೋಡಿ ಹಿಂದಿರುಗುವರು. ಒಂದು ದಿನ ಆ ಹಿರಿಯ ಆಳು ಎದುರಾದನು. ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಇಳಿಸಿ, ‘ಹಿರಿಯ ಅಯ್ಯನವರು ಕಡೆಯ ಆರು ವರ್ಷ ತೋಟಕ್ಕೆ ಇಳಿಯಲಿಲ್ಲವಲ್ಲ, ಏಕೆಂದು ತಿಳಿದಿರಿ?’ ಎಂದು ಕೇಳಿದನು. ತಂದೆಗೆ ವೈರಾಗ್ಯ ಬಂದಿತೆಂದೂ, ಆದುದರಿಂದಲೇ ತೋಟವನ್ನು ಮಗನಿಗೆ ಒಪ್ಪಿಸಿ ಜಪಕ್ಕೆ ಕುಳಿತರೆಂದೂ ಯಜಮಾನರು ತಿಳಿದಿದ್ದರು; ಊರೂ ಹಾಗೆಯೇ ತಿಳಿದಿದ್ದಿತು. ‘ಕಾಲು ನಡುಗುತ್ತಿದ್ದಿತು. ಒಂದು ಗಳು ಕಟ್ಟಿಬಿಡಲೇ ಎಂದು ನಾನೇ ಕೇಳಿದೆ. ಬೇಡ, ನೋಡಿದವರು ಏನೆಂದಾರು, ಎಂದರು.’

ಯಜಮಾನರು ಬಹಳ ಹೊತ್ತು ಹಳ್ಳದ ದಂಡೆಯ ಮೇಲೆ ನಿಂತಿದ್ದರು. ತಮ್ಮ ಕೈಯಿಂದ ನೆಟ್ಟ ಮರಗಳನ್ನು ಆರು ವರ್ಷ ದೂರದಿಂದ ನೋಡಿದ ಒಬ್ಬ ಮುದುಕರು ಅವರ ಕಣ್ಣಿಗೆ ಕಟ್ಟಿರಬೇಕು. ಬಳಿಕ, ‘ನಾಳೆ ಎರಡು ಬಿದಿರು ಕಡಿದು ತಾ. ಎರಡು ಕಡೆಗೂ ಕಟ್ಟು’ ಎಂದರು.

ಈಗ ಇನ್ನೊಂದು ಆಷಾಢ ಬಂದಿದೆ. ದಾರದ ಎರಡು ಗಂಟುಗಳ ನಡುವೆ ಅರ್ಧ ಬೆರಳು ಉಳಿದಿದೆ; ಅದು ಉಳಿದೀತು. ಪದ್ಮಾಸನ ಬಲಿಯದು; ಸಂಧ್ಯಾವಂದನೆಯು ಎತ್ತರದ ಮಣೆಯ ಮೇಲೆ ನಡೆಯುವುದು. ಮೋಡವಾದ ದಿನ ತೊಡೆಯಲ್ಲಿ ಸಣ್ಣಗೆ ನೋವಾಗುವುದು. ಆದರೆ ಮಳೆ ಹೊಳವಾದೊಡನೆ ಯಜಮಾನರು ತೋಟಕ್ಕೆ ಇಳಿಯುವರು, ಬಿದಿರನ್ನು ಹಿಡಿದುಕೊಂಡೇ. ಇಷ್ಟು ವರ್ಷ ಸಂಕಕ್ಕೆ ಅಂಜಿ, ಅದನ್ನು ಯಾರಿಗೂ ಹೇಳದೆ ಮೇಲಿನ ಗದ್ದೆಯ ಏರಿಯಿಂದ ಸುತ್ತಿಕೊಂಡು ಬರುತ್ತಿದ್ದ ಅವರ ಹೆಂಡತಿಯೂ ಈಗ ಅದೇ ದಾರಿಯಲ್ಲಿ ಬರುವರು. ಹೊರೆ ಹೊತ್ತ ಆಳುಗಳೂ ಹಿಡಿಯುವರು, ರಜಕ್ಕೆ ಬಂದ ಮೊಮ್ಮಕ್ಕಳೂ ಹಿಡಿಯುವರು. ಕಟ್ಟಿ ಇನ್ನೂ ಒಂದು ವರ್ಷ ತುಂಬದಿದ್ದರೂ, ಎರಡು ಕಡೆಯ ಬಿದಿರೂ ಕೈ ಸವೆದು ನುಣುಪಾಗಿದೆ.